ಇಸಿಜಿ ಸರಿಯಿದ್ದರೂ ಎದೆ ಡವಗುಟ್ಟುವುದೇಕೆ?

ಹೃದಯದ ತಪಾಸಣೆಯಲ್ಲಿ ದೋಷವಿಲ್ಲದಿದ್ದರೂ ಇದ್ದಕ್ಕಿದ್ದಂತೆ ಎದೆ ಡವಗುಟ್ಟಿ, ಉಸಿರು ಸಾಲದಂತಾಗಿ, ಕೆಲವು ನಿಮಿಷಗಳಲ್ಲಿ ತುದಿಗೇರಿ ತಾನಾಗಿಯೇ ಇಳಿಯುವುದಾದರೆ, ಅದು ಬಹುಮಟ್ಟಿಗೆ ಪ್ಯಾನಿಕ್ ಅಟ್ಯಾಕ್, ಅಂದರೆ ತೀವ್ರ ಗಾಬರಿಯ ಹಠಾತ್ ಹೊಡೆತ. ಖಂಡಿತ ನಿಮ್ಮ ಕಲ್ಪನೆಯಲ್ಲ. ಇಲ್ಲದ ಅಪಾಯವನ್ನು ಮೆದುಳು ಇದೆಯೆಂದು ಭಾವಿಸಿದಾಗ ಅಡ್ರಿನಲಿನ್ ಎಂಬ ಹಾರ್ಮೋನು ಸ್ರವಿಸಿ ಹೃದಯದ ಬಡಿತವನ್ನೂ ಉಸಿರಾಟವನ್ನೂ ಬಿರುಸಾಗಿಸುತ್ತದೆ. ಆ ಬಿರುಸಿನಲ್ಲಿ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ಬೆರಳ ತುದಿಯೂ ತುಟಿಯ ಸುತ್ತಲೂ ಜುಮುಗುಟ್ಟುತ್ತವೆ, ತಲೆ ತಿರುಗಿದಂತಾಗುತ್ತದೆ. ಇದನ್ನೇ ಹೃದಯಾಘಾತವೆಂದು ತಿಳಿದು ಮನಸ್ಸು ಇನ್ನಷ್ಟು ಹೆದರುವುದರಿಂದ ಅಡ್ರಿನಲಿನ್ ಮತ್ತೆ ಹರಿಯುತ್ತದೆ.

ಆ ಹೊತ್ತಿನಲ್ಲಿ ಗೋಡೆಗೆ ಒರಗಿ ಕುಳಿತು, ಮೂಗಿನಿಂದ ಮೆಲ್ಲನೆ ಉಸಿರೆಳೆದು, ಬಿಸಿ ಕಾಫಿಯನ್ನು ಊದಿ ಆರಿಸುವಂತೆ ನಿಧಾನವಾಗಿ ಹೊರಬಿಡಿ. ಪದೇ ಪದೇ ಆಗುತ್ತಿದ್ದರೆ, "ಧೈರ್ಯ ತಂದುಕೋ" ಎಂಬ ಮಾತಷ್ಟೇ ಸಾಲದು. ಆಪ್ತಸಮಾಲೋಚನೆಯಿಂದಲೂ ಔಷಧಿಯಿಂದಲೂ ಇದು ಹತೋಟಿಗೆ ಬರುತ್ತದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು.