ಸೀರೆ ಅಂಗಡಿಯ ಹುಡುಗಿ ದುಡ್ಡು ಬೇಡ ಅಂದದ್ದು ಯಾಕೆ

ಮನೆಯ ಮದುವೆಗೆ ಬಳ್ಳಾರಿಯಲ್ಲಿ ಸೀರೆ ತಗೊಳ್ಳಲು ಹೋದಾಗ ಚೆನ್ನಾಗಿ ನೋಡಿಕೊಂಡ ಅಂಗಡಿಯ ಹುಡುಗಿಗೆ 200 ರೂಪಾಯಿ ಕೊಟ್ಟರೆ ಬೇಡ ಅಂದಳು, ಈಗ ಆಕೆಗೆ ಹೇಗೆ ಥ್ಯಾಂಕ್ಸ್ ಹೇಳಲಿ ಅಂತ ಬರೆದಿದ್ದೀರಿ. ಆಕೆ ದುಡ್ಡು ವಾಪಸ್ ಮಾಡಿದ್ದು ಬೇಜಾರಿನಿಂದ ಅಲ್ಲ, ಹೆದರಿಕೆಯಿಂದ ಇರಬೇಕು. ಗಿರಾಕಿಯ ಕೈಯಿಂದ ದುಡ್ಡು ತಗೊಂಡರೆ ಎಷ್ಟೋ ಮಾಲೀಕರು ತಪ್ಪು ತಿಳಿಯುತ್ತಾರೆ. ಬಳ್ಳಾರಿಯಲ್ಲೇ ಸೀರೆ ಕೌಂಟರಿನಲ್ಲಿ ನಿಂತಿದ್ದಾಗ ನಾನೂ ಹಾಗೇ ಬೇಡ ಅಂದಿದ್ದೇನೆ.

ಮೊದಲು ಬಿಲ್ ಹುಡುಕಿ. ಅದರಲ್ಲಿ ಆಕೆಯ ಹೆಸರೋ ಕೋಡ್ ನಂಬರೋ ಇರಬಹುದು. ಅದನ್ನು ತಗೊಂಡು ಹೋಗಿ ಗಲ್ಲಾದಲ್ಲಿ ಕೂತ ಮಾಲೀಕರಿಗೆ, ಆಕೆಯ ಎದುರಿಗೇ ಹೇಳಿ. ಸುಮ್ನೆ "ಚೆನ್ನಾಗಿ ನೋಡ್ಕೊಂಡ್ರು" ಅಂದರೆ ಸಂಜೆಗೆ ಮರೆತುಹೋಗುತ್ತದೆ. ನೀವು ಬರೆದ ಹಾಗೇ ಹೇಳಿ: ಅತ್ತೆಗೆ ಮೊಣಕಾಲು ನೋವು ಅಂತ ಕುರ್ಚಿ ತಂದಳು, 50 ಸೀರೆ ಬಿಚ್ಚಿಸಿದರೂ ಮುಖ ಸಿಂಡರಿಸಲಿಲ್ಲ. "ಕಡಿಮೆ ಬೆಲೆಯದೇ ಸಾಕು ಅಂದಳು" ಅನ್ನೋದನ್ನು ಮಾತ್ರ ಅಲ್ಲಿ ಹೇಳಬೇಡಿ. ಅದು ಆಕೆಯ ಒಳ್ಳೆಯತನ, ಆದರೆ ಮಾಲೀಕರ ಕಿವಿಗೆ ಬಿದ್ದರೆ ತೊಂದರೆ ಆದೀತು.

ಭಾನುವಾರ ಸಂಜೆಯ ಗದ್ದಲದಲ್ಲಿ ಹೋಗಬೇಡಿ. ವಾರದ ನಡುವೆ, ಬೆಳಿಗ್ಗೆ 11ರ ಸುಮಾರಿಗೆ ಹೋಗಿ.

ಆಮೇಲೆ ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ರಿವ್ಯೂ ಜಾಗದಲ್ಲಿ ನಾಲ್ಕು ಸಾಲು ಬರೆಯಿರಿ, ಕನ್ನಡದಲ್ಲೇ. ಹೆಸರು ಹಾಕುವ ಮೊದಲು ಆಕೆಯನ್ನು ಕೇಳಿ. ಫೋಟೊ ಬೇಡವೇ ಬೇಡ.

ಕೊಡಲೇಬೇಕು ಅನ್ನಿಸಿದರೆ 1 ಕೆಜಿ ಪೇಡೆ ಇಡೀ ಕೌಂಟರಿಗೆ ಕೊಡಿ. ಎಲ್ಲರೂ ಹಂಚಿಕೊಂಡು ತಿಂದರೆ ಯಾರಿಗೂ ಅನುಮಾನ ಬರಲ್ಲ. ಮದುವೆ ನಿಮ್ಮ ಮನೆಯದೇ ಅಲ್ವಾ, ಆಕೆಗೊಂದು ಲಗ್ನಪತ್ರಿಕೆನೂ ಕೊಡಿ. ನನಗೆ ಅಂಥದ್ದೊಂದು ಬಂದಿತ್ತು, ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಮುಂದಿನ ಸಲ ಬಿಲ್‌ನಲ್ಲಿ ಸೀರೆ ಮಾರಿದವರು ಅಂತ ಆಕೆಯ ಹೆಸರನ್ನೇ ಹಾಕಿಸಿ. ಕೆಲವು ಅಂಗಡಿಗಳಲ್ಲಿ ಮಾರಾಟದ ಮೇಲೆ ಇನ್ಸೆಂಟಿವ್, ಅಂದರೆ ಸಂಬಳದ ಜೊತೆಗೆ ಒಂದಿಷ್ಟು ಹೆಚ್ಚಿನ ದುಡ್ಡು, ಇರುತ್ತದೆ, ಎಲ್ಲ ಕಡೆ ಇಲ್ಲ. ಆಕೆಯನ್ನೇ ಕೇಳಿದರೆ ಗೊತ್ತಾಗುತ್ತದೆ.