ಅಸ್ಥಿಮಜ್ಜೆಯ ಕಾಯಿಲೆಗಳಲ್ಲಿ ಸುಸ್ತು, ಸೋಂಕು, ರಕ್ತಸ್ರಾವ ಮೂರೂ ಏಕೆ ಕಾಣಿಸಿಕೊಳ್ಳುತ್ತವೆ?

ಕೆಂಪು ರಕ್ತಕಣ, ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್‌ಗಳ ಕೆಲಸ ಬೇರೆ ಬೇರೆಯಾದರೂ, ಅವೆಲ್ಲ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿರುವ ಒಂದೇ ಬಗೆಯ ಆಕರಕೋಶಗಳಿಂದ. ಆ ಮೂಲಕ್ಕೇ ಪೆಟ್ಟು ಬಿದ್ದಾಗ ಮೂರರ ಸಂಖ್ಯೆಯೂ ಕುಸಿಯುತ್ತದೆ: ಕೆಂಪು ಕಣ ಕಡಿಮೆಯಾದರೆ ಸುಸ್ತು, ಬಿಳಿ ಕಣ ಕಡಿಮೆಯಾದರೆ ಸೋಂಕು, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಡಿಮೆಯಾದರೆ ರಕ್ತಸ್ರಾವ.

ಆದರೆ ಲಕ್ಷಣಗಳು ಒಟ್ಟಿಗೇ ಬರಬೇಕೆಂದಿಲ್ಲ, ಏಕೆಂದರೆ ಈ ಕಣಗಳ ಆಯುಸ್ಸು ಒಂದೇ ಅಲ್ಲ. ಕೆಂಪು ಕಣ ಸುಮಾರು 120 ದಿನ ಬದುಕಿದರೆ ಪ್ಲೇಟ್‌ಲೆಟ್ 7ರಿಂದ 10 ದಿನವಷ್ಟೇ ಬದುಕುತ್ತದೆ. ಬ್ಯಾಕ್ಟೀರಿಯಾಗಳನ್ನು ಎದುರಿಸುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣದ ಬಾಳು ಇನ್ನೂ ಕಿರಿದು. ಹೀಗಾಗಿ ಉತ್ಪಾದನೆ ಥಟ್ಟನೆ ನಿಂತಾಗ ಜ್ವರ, ವಸಡಿನ ರಕ್ತಸ್ರಾವ ಅಥವಾ ಚರ್ಮದ ಮೇಲಿನ ಸಣ್ಣ ಕೆಂಪು ಚುಕ್ಕೆಗಳು ಮೊದಲು ಕಾಣಿಸಬಹುದು. ರಕ್ತಹೀನತೆಯ ಬಳಲಿಕೆ ವಾರಗಳ ಬಳಿಕ ನಿಧಾನವಾಗಿ ಆವರಿಸುತ್ತದೆ.

ಪೆಟ್ಟು ಬೀಳುವ ಬಗೆ ಕಾಯಿಲೆಯಿಂದ ಕಾಯಿಲೆಗೆ ಬೇರೆ. ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಬಹುಪಾಲು ದೇಹದ ರೋಗನಿರೋಧಕ ವ್ಯವಸ್ಥೆಯೇ ಆಕರಕೋಶಗಳನ್ನು ನಾಶಮಾಡುತ್ತದೆ ಮತ್ತು ಬರಿದಾದ ಜಾಗವನ್ನು ಕೊಬ್ಬು ತುಂಬುತ್ತದೆ. ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರಿನಲ್ಲಿ, ಬಲಿಯದ ಅಸಹಜ ಕೋಶಗಳು ಮಜ್ಜೆಯನ್ನು ಆಕ್ರಮಿಸಿ ಸಹಜ ಉತ್ಪಾದನೆಗೆ ಎಡೆಯಿಲ್ಲದಂತೆ ಮಾಡುತ್ತವೆ. ಮೈಲೋಡಿಸ್‌ಪ್ಲಾಸಿಯಾದಲ್ಲಿ ಮಜ್ಜೆ ದುಡಿಯುತ್ತಲೇ ಇದ್ದರೂ ತಯಾರಾದ ಕೋಶಗಳು ದೋಷಪೂರಿತವಾಗಿದ್ದು, ಅನೇಕವು ರಕ್ತಕ್ಕೆ ಸೇರುವ ಮೊದಲೇ ಸಾಯುತ್ತವೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ವಿಟಮಿನ್ ಬಿ12ರ ತೀವ್ರ ಕೊರತೆಯೂ ಮೂರೂ ಕಣಗಳನ್ನು ತಗ್ಗಿಸಬಲ್ಲದು, ಮತ್ತು ಅದನ್ನು ಚುಚ್ಚುಮದ್ದು ಅಥವಾ ಮಾತ್ರೆಗಳಿಂದ ಸರಿಪಡಿಸಬಹುದು. ಆದ್ದರಿಂದ ರಕ್ತಪರೀಕ್ಷೆಯಲ್ಲಿ ಮೂರೂ ಕಡಿಮೆ ಕಂಡಾಗ ಕ್ಯಾನ್ಸರ್ ಎಂದೇ ಭಾವಿಸಬಾರದು; ಹಾಗೆಂದು ವೈದ್ಯರನ್ನು ಕಾಣಲು ತಡಮಾಡಲೂ ಬಾರದು, ಏಕೆಂದರೆ ನ್ಯೂಟ್ರೋಫಿಲ್ ತೀರಾ ಕಡಿಮೆಯಿರುವವರಲ್ಲಿ ಜ್ವರವು ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯಕ್ಕೆ ತಿರುಗಬಹುದು.