ಹೊರಗಿನವನಾಗಿ ಗಾಲ್ಫ್ ಕ್ಲಬ್ಬಿಗೆ ಹೋದರೆ ಚೆನ್ನಾಗಿ ಮಾತಾಡಿಸುತ್ತಾರಾ?

ಕೆಲಸದ ಮೇಲೆ ಬೇರೆ ಊರಿಗೆ ಹೋದಾಗ ಅಲ್ಲಿನ ಕ್ಲಬ್ಬಿನಲ್ಲಿ ಒಬ್ಬರೇ ಒಂದು ರೌಂಡ್ ಆಡಬೇಕು ಅಂತ ನಿಮ್ಮ ಆಸೆ. ಸದಸ್ಯರು ಗುರ್ ಅಂದುಬಿಟ್ಟರೆ ಅನ್ನುವ ಅಳುಕು ಬೇರೆ. ಯಾವ ಕ್ಲಬ್ಬು ಹೊರಗಿನವರನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ ಅಂತ ಹೋಗುವ ಮುಂಚೆಯೇ ತಿಳಿಯುವುದು ಹೇಗೆ ಅಂತಲೂ ಕೇಳಿದ್ದೀರಿ. ನಾನು ಹಾಗೆ ಊರೂರಲ್ಲಿ ಆಡುವವನೇ. ಹಾಗಾಗಿ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದಕ್ಕೆ ಉತ್ತರ ಸುಲಭ.

ಫೋನ್ ಮಾಡಿ. ವೆಬ್‌ಸೈಟ್ ನೋಡಿ ಏನೂ ಗೊತ್ತಾಗುವುದಿಲ್ಲ. ಅತಿಥಿಗಳಿಗೆ ಆತ್ಮೀಯ ಸ್ವಾಗತ ಅಂತ ಎಲ್ಲರೂ ಬರೆದುಕೊಂಡಿರುತ್ತಾರೆ, ಬರೆಯುವುದಕ್ಕೇನು ಖರ್ಚು? ಪ್ರೊ ಶಾಪ್‌ಗೆ (ಬುಕಿಂಗ್ ನೋಡಿಕೊಳ್ಳುವ ಕ್ಲಬ್ಬಿನ ಅಂಗಡಿ) ಕರೆ ಮಾಡಿ, ಇಂಥ ದಿನ ಬೆಳಿಗ್ಗೆ ಒಬ್ಬನೇ ಬಂದು ಆಡಬಹುದಾ ಅಂತ ಕೇಳಿ. ಆಮೇಲೆ ಆ ಕಡೆಯವರು ನೀವು ಕೇಳದೇ ಇದ್ದದ್ದನ್ನು ಹೇಳುತ್ತಾರಾ ಅಂತ ಗಮನಿಸಿ. "ಆನ್‌ಲೈನ್‌ನಲ್ಲಿ ಬುಕ್ ಮಾಡಿ" ಅಂತ ಇಟ್ಟುಬಿಟ್ಟರೆ ಒಂದು ಅಂದಾಜು ಸಿಕ್ಕಿತು. "ಅವತ್ತು ಬೆಳಿಗ್ಗೆ ಹಿರಿಯ ಸದಸ್ಯರ ಪಂದ್ಯ ಇದೆ, ಹತ್ತೂವರೆ ಆದ ಮೇಲೆ ಬನ್ನಿ, ಆರಾಮಾಗಿ ಆಡಬಹುದು, ನಿಮ್ಮ ಹೆಸರು ಹೇಳಿ" ಅಂದರೆ ಕಣ್ಣು ಮುಚ್ಚಿಕೊಂಡು ಹೋಗಿ. ಹೊರಗಿನವನಿಗೆ ಏನು ಗೊತ್ತಿರುವುದಿಲ್ಲ ಅಂತ ಯೋಚಿಸಿ, ಅವನು ಕೇಳುವ ಮುಂಚೆಯೇ ಹೇಳುವುದು. ನನ್ನ ಲೆಕ್ಕದಲ್ಲಿ ಸ್ವಾಗತ ಅಂದರೆ ಇದೇ. ನಗುಮುಖ, ದೊಡ್ಡ ಕ್ಲಬ್ ಹೌಸ್ ಎಲ್ಲ ಅದರ ನಂತರ.

ಗಾಲ್ಫ್ ಕೋರ್ಸಿನಲ್ಲಿ ಗೊತ್ತಿಲ್ಲದ್ದು ತುಂಬಾ ಇರುತ್ತದೆ. ಶೂ ಎಲ್ಲಿ ಬದಲಿಸಬೇಕು, ಟ್ರಾಲಿ ಎಲ್ಲಿವರೆಗೆ ತಳ್ಳಬಹುದು, ಪ್ರ್ಯಾಕ್ಟೀಸ್ ಗ್ರೀನ್ (ಗ್ರೀನ್ ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ಚಿಪ್ ಮಾಡಬಹುದಾ, ಅಂದರೆ ಬಾಲನ್ನು ಸ್ವಲ್ಪ ಎತ್ತಿ ಹೊಡೆಯಬಹುದಾ, ಎರಡನೇ ಹೋಲ್ ಮುಗಿದ ಮೇಲೆ ಮೂರನೆಯ ಟೀ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗ, ಎಲ್ಲಿದೆ. ಸದಸ್ಯನಿಗೆ ಇದೆಲ್ಲ ಕೈಬೆರಳಷ್ಟು ಪರಿಚಿತ. ಆದ್ದರಿಂದಲೇ ಬೋರ್ಡ್ ಹಾಕಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ. ಒಳ್ಳೆಯ ಕ್ಲಬ್ಬುಗಳಲ್ಲಿ ಈ ಕೆಲಸ ಸ್ಟಾರ್ಟರ್ ಮಾಡುತ್ತಾರೆ. ಮೊದಲನೇ ಟೀ ಹತ್ತಿರ ಒಂದು ಪುಟ್ಟ ಗೂಡಿನಲ್ಲಿ ಕೂತು, ಯಾರು ಯಾವ ಹೊತ್ತಿಗೆ ಶುರು ಮಾಡಬೇಕು ಅಂತ ನೋಡಿಕೊಳ್ಳುವವರು. ಎಷ್ಟೋ ಕಡೆ ಕೆಲಸದಿಂದ ನಿವೃತ್ತರಾದ ಸದಸ್ಯರೇ ಈ ಜವಾಬ್ದಾರಿ ಹೊತ್ತಿರುತ್ತಾರೆ. ಕ್ಲಬ್ಬಿನ ಅಧ್ಯಕ್ಷರಿಗಿಂತ ಇವರೇ ನಿಮಗೆ ಮುಖ್ಯ.

ಒಳ್ಳೆಯ ಸ್ಟಾರ್ಟರ್ ಒಬ್ಬರು ಏನು ಹೇಳುತ್ತಾರೆ ನೋಡಿ. ಸ್ಕೋರ್‌ಕಾರ್ಡ್ ಕೈಗಿಟ್ಟು, "ಇವತ್ತು ಗ್ರೀನ್‌ಗಳ ಮೇಲೆ ಬಾಲ್ ಜೋರಾಗಿ ಉರುಳುತ್ತದೆ, ಧ್ವಜದ ಕೋಲು ಅಂದರೆ ಪಿನ್‌ನಿಂದ ಸ್ವಲ್ಪ ಕೆಳಗೇ ಇರಿಸಿಕೊಳ್ಳಿ. ಐದನೇ ಹೋಲ್‌ನಲ್ಲಿ ಬಲಗಡೆ ಬಂಕರ್ (ಮರಳ ಗುಂಡಿ) ಟೀಯಿಂದ ಕಾಣುವುದಿಲ್ಲ. ಏಳನೆಯದು ಬ್ಲೈಂಡ್, ಬಾಲ್ ಬೀಳುವ ಜಾಗ ಕಾಣುವುದಿಲ್ಲ, ಗುಡ್ಡದ ಮೇಲಿನ ಕಂಬಕ್ಕೆ ಗುರಿ ಇಡಿ, ಮುಂದಿನವರು ಗಂಟೆ ಹೊಡೆದ ಮೇಲೆ ಆಡಿ." ಮೂವತ್ತು ಸೆಕೆಂಡಿನ ಮಾತು. ಆದರೆ ಆ ಮೂವತ್ತು ಸೆಕೆಂಡು ಎರಡು ಬಾಲ್ ಉಳಿಸುತ್ತದೆ, ಹಿಂದೆ ಬರುವವರ ಸಮಯವನ್ನೂ ಉಳಿಸುತ್ತದೆ. ಇನ್ನೂ ಒಳ್ಳೆಯವರು, ಒಬ್ಬಂಟಿಯಾಗಿ ನಿಂತಿರುವ ನಿಮ್ಮನ್ನು ನೋಡಿ, ಇಬ್ಬರೇ ಆಡುತ್ತಿರುವ ಸದಸ್ಯರನ್ನು ಕರೆದು "ಇವರನ್ನೂ ಸೇರಿಸಿಕೊಳ್ತೀರಾ?" ಅಂತ ಕೇಳಿಬಿಡುತ್ತಾರೆ. ನಾಲ್ಕನೇ ಹೋಲ್ ಹೊತ್ತಿಗೆ ಮೂವರೂ ಹಳೇ ಸ್ನೇಹಿತರ ಹಾಗೆ ಒಬ್ಬರ ಪಟ್ (ಗ್ರೀನ್ ಮೇಲೆ ಕುಳಿಯ ಕಡೆ ಉರುಳಿಸುವ ಹೊಡೆತ) ಬಗ್ಗೆ ಇನ್ನೊಬ್ಬರು ಸಲಹೆ ಕೊಡುವಷ್ಟಾಗಿರುತ್ತದೆ. (ಪಂದ್ಯದಲ್ಲಿ ಹೀಗೆ ಸಲಹೆ ಕೊಡುವುದು ನಿಯಮಕ್ಕೆ ವಿರುದ್ಧ, ಆದರೆ ಸ್ನೇಹದ ರೌಂಡಿನಲ್ಲಿ ಯಾರೂ ಪೆನಾಲ್ಟಿ ಹಾಕುವುದಿಲ್ಲ ಬಿಡಿ.)

ಹಾಗಾದರೆ ಕೆಲವು ಸದಸ್ಯರು ಮುಖ ಸಿಂಡರಿಸುವುದು ಯಾಕೆ? ಅವರ ಕಡೆಯಿಂದಲೂ ಸ್ವಲ್ಪ ನೋಡೋಣ. ಎರಡು ಗುಂಪುಗಳ ನಡುವೆ ಸಾಮಾನ್ಯವಾಗಿ ಎಂಟರಿಂದ ಹತ್ತು ನಿಮಿಷದ ಅಂತರ ಇರುತ್ತದೆ. ಬೆಳಗಿನ ಒಳ್ಳೆಯ ಹೊತ್ತು ಇರುವುದೇ ಅಷ್ಟು, ಟೀ ಟೈಮ್ (ಆಟ ಶುರು ಮಾಡುವ ಹೊತ್ತು) ಹೆಚ್ಚಿಸಲು ಆಗುವುದಿಲ್ಲ. ವರ್ಷವಿಡೀ ಚಂದಾ ಕಟ್ಟುವವನಿಗೆ ಭಾನುವಾರ ಬೆಳಿಗ್ಗೆ ಜಾಗ ಸಿಗದೆ, ಎಲ್ಲಿಂದಲೋ ಬಂದ ನಾಲ್ಕು ಜನ ಮೊದಲನೇ ಟೀ ಮೇಲೆ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಉರಿಯುವುದಿಲ್ವಾ? ಇನ್ನೊಂದು ಕಡೆ, ಆ ನಾಲ್ಕು ಜನ ಕೊಡುವ ಗ್ರೀನ್ ಫೀ ಇಲ್ಲದಿದ್ದರೆ ಎಷ್ಟೋ ಕ್ಲಬ್ಬುಗಳು ಸದಸ್ಯರ ಚಂದಾ ಏರಿಸಬೇಕಾಗುತ್ತದೆ. ಇದನ್ನು ಸದಸ್ಯರಿಗೆ ಬಿಡಿಸಿ ಹೇಳುವ ಕ್ಲಬ್ಬಿನಲ್ಲಿ ವಾತಾವರಣವೇ ಬೇರೆ ಇರುತ್ತದೆ. ಹೇಳದ ಕಡೆ ಹೊರಗಿನವರು ಅಂದರೆ ಸುಮ್ನೆ ಅಡಚಣೆ.

ಈ ಜಗಳಕ್ಕೆ ಹಳೆಯ ಕ್ಲಬ್ಬುಗಳು ಕಂಡುಕೊಂಡ ದಾರಿ ಸರಳ: ಹೊರಗಿನವರಿಗೆ ಅಂತಲೇ ದಿನ ಗೊತ್ತು ಮಾಡುವುದು. ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡ್ ನೋಡಿ. ಅಲ್ಲಿನ ಕ್ಲಬ್ಬು 1744ರಷ್ಟು ಹಳೆಯದು, ಬಿಗುಮಾನಕ್ಕೆ ಹೆಸರಾದದ್ದು. ಮಹಿಳೆಯರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಅದು ಒಪ್ಪಿದ್ದೇ 2017ರಲ್ಲಿ. ಆದರೂ ಮಂಗಳವಾರ, ಗುರುವಾರ ಹೊರಗಿನವರು ಮುಂಚೆಯೇ ಬುಕ್ ಮಾಡಿ ಆಡುವ ಪದ್ಧತಿ ಅಲ್ಲಿ ಬಹಳ ಕಾಲದಿಂದ ಇದೆ. ಅಮೆರಿಕದ ಆಗಸ್ಟಾ ನ್ಯಾಷನಲ್‌ನಲ್ಲಿ ಆ ಬಾಗಿಲೂ ಇಲ್ಲ, ಸದಸ್ಯರ ಅತಿಥಿಯಾಗಿ ಹೋಗಬೇಕಷ್ಟೆ. ಅದನ್ನು ಒರಟುತನ ಅಂತ ನಾನು ಹೇಳುವುದಿಲ್ಲ. ಆಗುವುದಿಲ್ಲ ಅಂತ ನೇರವಾಗಿ ಹೇಳುವವರು ಮೇಲು. ದುಡ್ಡು ತೆಗೆದುಕೊಂಡು ಆಮೇಲೆ ಬೇಡದ ನೆಂಟನ ಹಾಗೆ ನಡೆಸಿಕೊಳ್ಳುವವರೇ ಕಷ್ಟ.

ಸ್ಕಾಟ್ಲೆಂಡಿನದೇ ಆದ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಇನ್ನೊಂದು ತುದಿ. ಗಾಲ್ಫಿನ ತವರು ಅಂತ ಕರೆಸಿಕೊಳ್ಳುವ ಆ ಕೋರ್ಸು ಖಾಸಗಿ ಕ್ಲಬ್ಬಿನದ್ದಲ್ಲ, ಸಾರ್ವಜನಿಕ ಜಾಗ, ಒಂದು ಟ್ರಸ್ಟ್ ನಡೆಸುತ್ತದೆ. ಎರಡು ದಿನ ಮುಂಚೆ ಗುಂಪಾಗಿ ಹೆಸರು ಕೊಟ್ಟರೆ ಚೀಟಿ ಎತ್ತುತ್ತಾರೆ. ನಿಮ್ಮ ಹಾಗೆ ಒಬ್ಬರೇ ಹೋದವರು ಮೊದಲೆಲ್ಲ ರಾತ್ರಿಯಿಂದಲೇ ಸಾಲಿನಲ್ಲಿ ಕೂತಿರುತ್ತಿದ್ದರು, ಯಾವುದಾದರೂ ಗುಂಪಿನಲ್ಲಿ ಜಾಗ ಖಾಲಿ ಇದ್ದರೆ ಸೇರಿಕೊಳ್ಳಲು. 2024ರಿಂದ ಅದಕ್ಕೂ ಡ್ರಾ ಬಂದಿದೆ, ರಾತ್ರಿ ಚಳಿ ತಿನ್ನುವ ಕೆಲಸ ತಪ್ಪಿತು. ಭಾನುವಾರ ಮಾತ್ರ ಹೋಗಬೇಡಿ. ಅವತ್ತು ಸಾಮಾನ್ಯವಾಗಿ ಆಟ ಇರುವುದಿಲ್ಲ, ಊರಿನವರು ಫೇರ್‌ವೇ (ಟೀಯಿಂದ ಗ್ರೀನ್‌ವರೆಗಿನ ಹುಲ್ಲಿನ ಹಾದಿ) ಮೇಲೆ ನಾಯಿ ಕರೆದುಕೊಂಡು ಓಡಾಡುತ್ತಾರೆ.

ಒಬ್ಬರೇ ಆಡುವ ಬಗ್ಗೆ ನಿಮಗಿರುವ ಅಳುಕಿಗೆ ಚರಿತ್ರೆಯೂ ಇದೆ. ಹಿಂದೆ ನಿಯಮ ಪುಸ್ತಕದ ಶಿಷ್ಟಾಚಾರದ ಭಾಗದಲ್ಲೇ, ಒಂಟಿ ಆಟಗಾರನಿಗೆ ಕೋರ್ಸಿನ ಮೇಲೆ ಯಾವ ಹಕ್ಕೂ ಇಲ್ಲ, ಯಾರು ಬಂದರೂ ದಾರಿ ಬಿಡಬೇಕು ಅಂತ ಇತ್ತು. ಈಗ ಆ ಮಾತಿಲ್ಲ. ಎಷ್ಟು ಜನ ಅನ್ನುವುದಕ್ಕಿಂತ ಎಷ್ಟು ಚುರುಕು ಅನ್ನುವುದು ಮುಖ್ಯ. ಆದರೂ ಹಳೇ ಕಾಲದ ಕೆಲವು ಸದಸ್ಯರ ತಲೆಯಲ್ಲಿ ಆ ಸಾಲು ಇನ್ನೂ ಉಳಿದಿದೆ, ವಾದ ಮಾಡಬೇಡಿ.

ಚುರುಕುತನ ಅಂದೆನಲ್ಲ, ಸದಸ್ಯರ ಮನಸ್ಸು ಗೆಲ್ಲಲು ಅದಕ್ಕಿಂತ ದೊಡ್ಡ ಉಪಾಯ ಇಲ್ಲ. ಹೊರಗಿನವರು ಚೆನ್ನಾಗಿ ಆಡಲಿ ಅಂತ ಯಾರೂ ಬಯಸುವುದಿಲ್ಲ, ಬೇಗ ಆಡಲಿ ಅಂತ ಬಯಸುತ್ತಾರೆ. 2019ರ ನಿಯಮಗಳಲ್ಲಿ ಕಳೆದುಹೋದ ಬಾಲ್ ಹುಡುಕುವ ಸಮಯವನ್ನು ಐದು ನಿಮಿಷದಿಂದ ಮೂರಕ್ಕೆ ಇಳಿಸಿದರು, ಪಟ್ ಮಾಡುವಾಗ ಧ್ವಜದ ಕೋಲು ಹಾಗೇ ಇರಬಹುದು ಅಂದರು, ಸಿದ್ಧ ಇರುವವರು ಮೊದಲು ಆಡುವುದನ್ನು ಪ್ರೋತ್ಸಾಹಿಸಿದರು. ಈ ಮೂರನ್ನೂ ಬಳಸಿಕೊಳ್ಳಿ. ಗ್ರೀನ್ ಮೇಲೆ ನಿಮ್ಮ ಬಾಲ್ ಮಾಡಿದ ಗುಳಿ ಸರಿ ಮಾಡಿ, ಬಂಕರ್ ಮರಳು ಎಳೆದು ಬನ್ನಿ. ಹಿಂದಿನವರು ಕಾಯುತ್ತಿದ್ದು, ಮುಂದೆ ಒಂದು ಹೋಲ್ ಖಾಲಿ ಇದ್ದರೆ ಕೈ ಬೀಸಿ ಅವರನ್ನು ಮುಂದೆ ಬಿಡಿ. ರೌಂಡ್ ಮುಗಿದ ಮೇಲೆ ಕ್ಲಬ್ ಹೌಸ್‌ನಲ್ಲಿ ಮೊದಲು ಮಾತಾಡಿಸಲು ಬರುವುದು ಹೆಚ್ಚಾಗಿ ಹಾಗೆ ಮುಂದೆ ಹೋದವರೇ.

ಬಟ್ಟೆ ವಿಷಯ: ಕಾಲರ್ ಇರುವ ಟೀ ಶರ್ಟ್, ಜೀನ್ಸ್ ಅಲ್ಲದ ಪ್ಯಾಂಟ್ ಇದ್ದರೆ ಬಹುತೇಕ ಎಲ್ಲ ಕಡೆ ನಡೆಯುತ್ತದೆ. ಒಳಗೆ ಟೋಪಿ ತೆಗೆಯಿರಿ. ಫೋನಿಗೆ ಎಲ್ಲಿ ಅವಕಾಶ ಅಂತ ಕೇಳಿಕೊಳ್ಳಿ, ಕೆಲವು ಕ್ಲಬ್ಬುಗಳಿಗೆ ಅದು ಭಾರೀ ಸೂಕ್ಷ್ಮ.

ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಸಂಖ್ಯೆ, ಕಡಿಮೆ ಇದ್ದಷ್ಟೂ ಒಳ್ಳೆಯ ಆಟಗಾರ) ಜಾಸ್ತಿ ಇದೆ ಅಂತ ಸಂಕೋಚ ಬೇಡ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಗಂಡಸರಿಗೂ ಹೆಂಗಸರಿಗೂ ಗರಿಷ್ಠ 54. ಆದರೆ ಕೆಲವು ಕ್ಲಬ್ಬುಗಳು ಹೊರಗಿನವರಿಗೆ ಅದಕ್ಕಿಂತ ಕಡಿಮೆ ಮಿತಿ ಇಟ್ಟಿರುತ್ತವೆ, ಪ್ರಮಾಣಪತ್ರವನ್ನೂ ಕೇಳುತ್ತವೆ. ಮೊದಲ ಫೋನಿನಲ್ಲೇ ನಿಮ್ಮ ಸಂಖ್ಯೆ ಹೇಳಿಬಿಡಿ, ಪ್ರಮಾಣಪತ್ರ ಫೋನಿನಲ್ಲಿ ತೋರಿಸಿದರೆ ಸಾಕಾ, ಪ್ರಿಂಟ್ ಬೇಕಾ ಅಂತಲೂ ಕೇಳಿ. ಟೀ ಟೈಮಿಗೆ ಅರ್ಧ ಗಂಟೆ ಮುಂಚೆ ಹೋಗಿ, ಸೀದಾ ಪ್ರೊ ಶಾಪ್‌ಗೆ ನಡೆಯಿರಿ.